ಕಚೇರಿಯ ಭಾಷೆ, ಮನೆಯ ನಾಲಗೆ

ಒಬ್ಬ ಸರಕಾರಿ ನೌಕರನ ಬದುಕನ್ನು ಕನ್ನಡದಲ್ಲಿ ಹೇಳಲು ಹೊರಟರೆ ಏನಾಗುತ್ತದೆ ನೋಡಿ. ಆತ ಅರ್ಜಿ ಹಾಕುತ್ತಾನೆ. ಹುದ್ದೆ ಸಿಗುತ್ತದೆ. ರಜೆ ಕೇಳುತ್ತಾನೆ, ಮಂಜೂರಾಗುತ್ತದೆ. ತಪ್ಪು ಮಾಡಿದರೆ ಅಮಾನತು, ದೊಡ್ಡ ತಪ್ಪಾದರೆ ವಜಾ. ಸಾಕೆನಿಸಿದರೆ ರಾಜೀನಾಮೆ. ಈ ಕಚೇರಿ ಪದಗಳಲ್ಲಿ ಒಂದಾದರೂ ಕನ್ನಡ ಮೂಲದ್ದಲ್ಲ. ಎಲ್ಲವೂ ಅರಬಿ ಫಾರ್ಸಿಗಳಿಂದ ಬಂದು, ಮನೆಯವರಂತೆ ಕುಳಿತುಬಿಟ್ಟಿವೆ.

ಸೌಹಾರ್ದ ಸಭೆಗಳಲ್ಲಿ ಈ ಪಟ್ಟಿಯನ್ನು ಓದುವುದು ನಮ್ಮಲ್ಲಿ ಒಂದು ರೂಢಿ. ನೋಡಿ, ನಮ್ಮ ಭಾಷೆಗಳು ಹೇಗೆ ಬೆರೆತಿವೆ ಎಂದು ಹೇಳಿ ಚಪ್ಪಾಳೆ ಗಿಟ್ಟಿಸಬಹುದು. ಬೆರೆತಿರುವುದು ನಿಜ. ಆದರೆ ಪೇಟೆಯಲ್ಲಿ, ದರ್ಗಾದಲ್ಲಿ, ಹೊಲದ ಬದುವಿನ ಮೇಲೆ ಬೆರೆತ ಪದಗಳು ಬೇರೆ, ಕಚೇರಿಯಿಂದ ಇಳಿದು ಬಂದ ಪದಗಳು ಬೇರೆ. ಎರಡನೆಯ ಬಗೆಯ ಪದಗಳ ಹಿಂದೆ ಒಂದು ಮೇಜು ಇದೆ. ಮೇಜಿನ ಆಚೆ ಕುಳಿತವನಿಗೆ ಒಂದು ಭಾಷೆ ಬರುತ್ತಿತ್ತು, ಈಚೆ ನಿಂತವನಿಗೆ ಬರುತ್ತಿರಲಿಲ್ಲ. ಬೀದರ್, ಕಲಬುರಗಿ, ರಾಯಚೂರು ಸೀಮೆಯಲ್ಲಿ ಆರುನೂರು ವರ್ಷಗಳಿಂದ ಆ ಮೇಜಿನ ಎರಡೂ ಕಡೆಯವರು ಜಾಗ ಬದಲಿಸುತ್ತಲೇ ಬಂದಿದ್ದಾರೆ.

ಬೀದರಿನಿಂದಲೇ ಆರಂಭಿಸೋಣ. ಬಹಮನಿ ಆಸ್ಥಾನದಲ್ಲಿ ಎರಡು ಗುಂಪುಗಳಿದ್ದವು. ಇರಾನ್, ಇರಾಕ್, ಮಧ್ಯ ಏಷ್ಯಾಗಳಿಂದ ಹಡಗು ಹತ್ತಿ ಬಂದವರು ಆಫಾಖಿಗಳು. ಹಿಂದೆಯೇ ಉತ್ತರದಿಂದ ಬಂದು ಇಲ್ಲಿ ನೆಲೆನಿಂತವರು, ಇಲ್ಲಿಯೇ ಮತಾಂತರಗೊಂಡವರು, ಅವರೊಂದಿಗೆ ಹಬ್ಶಿಗಳು, ಇವರೆಲ್ಲ ದಖ್ಖನಿಗಳು. ಇಬ್ಬರೂ ಮುಸ್ಲಿಮರೇ. ಆದರೆ ಆಫಾಖಿಯ ಫಾರ್ಸಿ ಮನೆಯಿಂದ ಬಂದದ್ದು, ದಖ್ಖನಿಯ ಫಾರ್ಸಿ ಮದ್ರಸದಿಂದ ಬಂದದ್ದು. ಪತ್ರ ಬರೆಯುವ, ಲೆಕ್ಕ ಇಡುವ, ರಾಯಭಾರ ಮಾಡುವ ಕೆಲಸಗಳಲ್ಲಿ ಆ ವ್ಯತ್ಯಾಸ ಎದ್ದು ಕಾಣುತ್ತಿತ್ತು. ಶಿಯಾ ಸುನ್ನಿ ಭೇದವೂ, ಜಾಗೀರುಗಳ ಆಸೆಯೂ ಇದಕ್ಕೆ ಸೇರಿಕೊಂಡವು. ಗಿಲಾನಿನಿಂದ ವ್ಯಾಪಾರಿಯಾಗಿ ಬಂದು ಪ್ರಧಾನಿಯಾದ ಮಹಮೂದ್ ಗವಾನ್ ಎರಡೂ ಗುಂಪುಗಳಿಗೆ ಹುದ್ದೆಗಳನ್ನು ಸರಿಯಾಗಿ ಹಂಚಲು ಯತ್ನಿಸಿದವರು. 1472ರಲ್ಲಿ ಅವರು ಬೀದರಿನಲ್ಲಿ ಕಟ್ಟಿಸಿದ ಮದ್ರಸದ ಮಿನಾರು ಇಂದಿಗೂ ನಿಂತಿದೆ. ಅವರು ಮಾತ್ರ ನಿಲ್ಲಲಿಲ್ಲ. ಮುದ್ರೆ ಒತ್ತಿದ ಖಾಲಿ ಕಾಗದದ ಮೇಲೆ ವಿರೋಧಿಗಳು ದ್ರೋಹದ ಪತ್ರವೊಂದನ್ನು ಸೃಷ್ಟಿಸಿದರು. 1481ರಲ್ಲಿ ಸುಲ್ತಾನನ ಅಪ್ಪಣೆಯಂತೆ ಗವಾನರ ತಲೆ ಉರುಳಿತು. ಬಹಮನಿ ರಾಜ್ಯ ಆಮೇಲೆ ಚೇತರಿಸಿಕೊಳ್ಳಲಿಲ್ಲ.

ಬಿಜಾಪುರದಲ್ಲಿ ತಕ್ಕಡಿ ಇನ್ನೊಂದು ಕಡೆಗೆ ವಾಲಿತು. 1534ರ ಸುಮಾರಿಗೆ ಪಟ್ಟಕ್ಕೆ ಬಂದ ಮೊದಲನೆಯ ಇಬ್ರಾಹೀಮ್ ಆದಿಲ್‌ಶಾಹ್ ಬಹುಪಾಲು ಆಫಾಖಿಗಳನ್ನು ಕೆಲಸದಿಂದ ತೆಗೆದುಹಾಕಿದನು. ಇತಿಹಾಸಕಾರ ಫರಿಶ್ತಾ ಹೇಳುವಂತೆ ರಾಜ್ಯದ ಲೆಕ್ಕಪತ್ರಗಳನ್ನು ಫಾರ್ಸಿಯಿಂದ ಹಿಂದವಿಗೆ ಬದಲಿಸಿ, ಅವನ್ನು ಬ್ರಾಹ್ಮಣರ ಕೈಗೆ ಒಪ್ಪಿಸಿದನು. ಒಂದು ಫರ್ಮಾನಿನಿಂದ ಎಷ್ಟೋ ಫಾರ್ಸಿ ಗುಮಾಸ್ತರ ವಿದ್ಯೆ ಬೆಳಗಾಗುವಷ್ಟರಲ್ಲಿ ನಿರರ್ಥಕವಾಗಿರಬೇಕು. 1558ರಲ್ಲಿ ಮಗ ಅಲಿ ಬಂದು ಆಫಾಖಿಗಳನ್ನು ಮರಳಿ ಕರೆಸಿಕೊಂಡನು. ಆಗ ಹೊರಗೆ ನಿಲ್ಲುವ ಸರದಿ ದಖ್ಖನಿಗಳದ್ದು. ಅರಮನೆಯಲ್ಲಿ ಇಷ್ಟೆಲ್ಲ ನಡೆಯುತ್ತಿರುವಾಗ ಬಿಜಾಪುರದ ಸೂಫಿಗಳು ಜನ ಆಡುವ ದಖ್ಖನಿಯಲ್ಲಿಯೇ ಬರೆಯುತ್ತಿದ್ದರು. ಶಾಹ್ ಮೀರಾಂಜಿ, ಅವರ ಮಗ ಬುರ್ಹಾನುದ್ದೀನ್ ಜಾನಮ್ ಇಬ್ಬರೂ ತಾವು ಈ ಭಾಷೆಯಲ್ಲಿ ಏಕೆ ಬರೆಯುತ್ತೇವೆ ಎಂದು ಸಮರ್ಥಿಸಿಕೊಳ್ಳಬೇಕಾಯಿತು ಎಂಬುದೇ ಅಂದಿನ ವಿದ್ವಾಂಸರ ಧೋರಣೆ ಏನಿತ್ತು ಎಂಬುದನ್ನು ತಿಳಿಸುತ್ತದೆ.

ಮುಂದಿನ ಎರಡು ಶತಮಾನಗಳನ್ನು ದಾಟಿ ಹೈದರಾಬಾದಿಗೆ ಬರೋಣ. ಅಲ್ಲಿ ಕಚೇರಿಯ ಭಾಷೆ 19ನೇ ಶತಮಾನದ ಕೊನೆಯವರೆಗೂ ಫಾರ್ಸಿಯೇ. ಕಂಪನಿ ಸರಕಾರ 1837ರಲ್ಲಿಯೇ ಫಾರ್ಸಿಯನ್ನು ಕೈಬಿಟ್ಟಿದ್ದರೂ ದಿವಾನ ಒಂದನೇ ಸಾಲಾರ್ ಜಂಗ್ ಅದಕ್ಕೆ ಮನಸ್ಸು ಮಾಡಲಿಲ್ಲ. ಅವರು 1883ರಲ್ಲಿ ತೀರಿಕೊಂಡರು. ಮಗ ಎರಡನೇ ಸಾಲಾರ್ ಜಂಗರ ಕಾಲದಲ್ಲಿ, 1884ರಲ್ಲಿ, ಉರ್ದು ರಾಜ್ಯದ ಕಚೇರಿ ಭಾಷೆಯಾಯಿತು. ಯಾರ ಮನೆಯಲ್ಲೂ ಆಡದ ಫಾರ್ಸಿಯ ಜಾಗದಲ್ಲಿ ಕೆಲವರ ಮನೆಯಲ್ಲಾದರೂ ಆಡುವ ಭಾಷೆ ಬಂತು. ಆದರೆ ಆ ‘ಕೆಲವರು’ ಎಷ್ಟು? ರಾಜ್ಯದ ಸುಮಾರು ಅರ್ಧ ಜನ ತೆಲುಗರು, ಕಾಲು ಭಾಗ ಮರಾಠಿಗರು, ಹತ್ತರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಕನ್ನಡಿಗರು. ಉರ್ದು ಮನೆಮಾತಾಗಿದ್ದವರು ಹತ್ತರಲ್ಲಿ ಒಂದು ಪಾಲು.

ಇಲ್ಲಿ ಒಂದು ಸ್ವಾರಸ್ಯವಿದೆ. ಉರ್ದು ಬಂದಿತು ಎಂದ ಮಾತ್ರಕ್ಕೆ ದಖ್ಖನಿ ಮಾತನಾಡುವ ಬಡ ಮುಸಲ್ಮಾನನಿಗೆ ಕಚೇರಿಯ ಬಾಗಿಲು ತೆರೆಯಲಿಲ್ಲ. ಆಡಳಿತ ಸುಧಾರಿಸಲು ಒಂದನೇ ಸಾಲಾರ್ ಜಂಗ್ ಉತ್ತರ ಹಿಂದುಸ್ತಾನದಿಂದ ವಿದ್ಯಾವಂತರನ್ನು ಕರೆಸಿಕೊಂಡಿದ್ದರು. ಮೊಹ್ಸಿನುಲ್ ಮುಲ್ಕ್, ವಖಾರುಲ್ ಮುಲ್ಕ್, ಸೈಯದ್ ಹುಸೈನ್ ಬಿಲ್‌ಗ್ರಾಮಿ, ಚಿರಾಗ್ ಅಲಿ, ಉರ್ದು ಕಾದಂಬರಿಯ ಆದ್ಯರಲ್ಲಿ ಒಬ್ಬರಾದ ಡೆಪ್ಯೂಟಿ ನಝೀರ್ ಅಹ್ಮದ್. ಇವರ ಸಾಮರ್ಥ್ಯದ ಬಗ್ಗೆ ಎರಡು ಮಾತಿಲ್ಲ. ಕಂದಾಯ, ಪೊಲೀಸು, ಶಿಕ್ಷಣ ಎಲ್ಲದಕ್ಕೂ ಇವರ ಬಳಗ ಒಂದು ರೂಪ ಕೊಟ್ಟಿತು. ಆದರೆ ಅವರೊಂದಿಗೆ ದಿಲ್ಲಿ ಲಖನೌಗಳ ಉರ್ದು ಬಂತು, ಆ ಉರ್ದುವಿನ ಹಿಂದೆ ಒಂದು ಕಿವಿಯೂ ಬಂತು. ಆ ಕಿವಿಗೆ ನಮ್ಮ ಉರ್ದು ಹಿಡಿಸಲಿಲ್ಲ.

ದಖ್ಖನಿ ನಾಲಗೆಯಲ್ಲಿ ಗಂಟಲಾಳದ ‘ಖಾಫ್’ ಅಕ್ಷರವೇ ಇಲ್ಲ. ಅದೆಲ್ಲವೂ ‘ಖೇ’ ಅಕ್ಷರದ ಉಚ್ಚಾರವಾಗಿಬಿಡುತ್ತದೆ. ಹಾಗಾಗಿ ಗೋರಿಗೂ ಸುದ್ದಿಗೂ ನಮ್ಮ ಬಾಯಲ್ಲಿ ಒಂದೇ ಶಬ್ದ, ‘ಖಬರ್’. ಇದನ್ನು ಇಟ್ಟುಕೊಂಡು ಎಷ್ಟು ಹಾಸ್ಯ ಚಟಾಕಿಗಳು ಹುಟ್ಟಿವೆ ಎಂಬುದು ಉರ್ದು ಬಲ್ಲವರಿಗೆಲ್ಲ ಗೊತ್ತು. ‘ಬೇಡ’ ಎನ್ನಲು ‘ನಕ್ಕೋ’, ಅದು ಮರಾಠಿಯಿಂದ ಬಂದದ್ದು. ಒತ್ತಿ ಹೇಳಲು ‘ಇಚ್’, ಅದೂ ಮರಾಠಿಯ ಸಂಬಂಧಿ. ಬಹುವಚನಕ್ಕೆ ‘ಲೋಗಾಂ’, ‘ಬಾತಾಂ’. ಕುಲಿ ಕುತುಬ್‌ಶಾಹ್, ನುಸ್ರತಿಯರಂತಹ ಕವಿಗಳು ಬರೆದ ಭಾಷೆಯ ಸಂತತಿ ಇದು. ಉತ್ತರದಲ್ಲಿ ಉರ್ದು ಕಾವ್ಯ ಕಣ್ಣು ಬಿಡುವ ಮೊದಲೇ ಇಲ್ಲಿ ಮಸ್ನವಿಗಳು ತಯಾರಾಗಿದ್ದವು. ಆದರೂ ಕಚೇರಿಯಲ್ಲಿ ಅದು ‘ಗಂವಾರ್’ ಭಾಷೆ. ಮುಲ್ಕಿ, ಗೈರ್‌ಮುಲ್ಕಿ ಎಂಬ ಜಗಳ ಹುಟ್ಟಿದ್ದು ಹೀಗೆ. ಅದು ಬಹಮನಿ ಕಾಲದ ಆಫಾಖಿ, ದಖ್ಖನಿ ಜಗಳದ ಮೊಮ್ಮಗ. ಸ್ಥಳೀಯರಿಗೇ ನೌಕರಿ ಎಂಬ ನಿಯಮ 1919ರಲ್ಲಿ ನಿಜಾಮರ ಫರ್ಮಾನಿನಿಂದ ಗಟ್ಟಿಯಾಯಿತು.

ಹಾಗಾದರೆ ಕನ್ನಡಿಗ ಎಲ್ಲಿದ್ದ? ಮುಲ್ಕಿಗಳಲ್ಲಿ ಆತನೂ ಮುಲ್ಕಿಯೇ, ಕಾಗದದ ಮೇಲೆ. ಆದರೆ ಸುರಪುರದ ಬಳಿಯ ಒಬ್ಬ ರೈತ ತನ್ನ ಹೊಲದ ತಗಾದೆಗೆ ತಹಸೀಲಿಗೆ ಬಂದರೆ ಆತನ ಅರ್ಜಿಯನ್ನು ಉರ್ದುವಿನಲ್ಲಿ ಬರೆಯಲು ಅರ್ಜಿನವೀಸನಿಗೆ ದುಡ್ಡು ಕೊಡಬೇಕು. ಬರೆದದ್ದೇನು ಎಂದು ಆತನಿಗೆ ತಿಳಿಯದು. ಬಂದ ಹುಕುಂ ಏನು ಎಂದು ಓದಿಸಿಕೊಳ್ಳಲು ಮತ್ತೆ ದುಡ್ಡು. ಉರ್ದು ಪತ್ರಿಕೆಗಳಲ್ಲಿ ನಿಜಾಮರ ಕಾಲವನ್ನು ನೆನೆದು ನಿಟ್ಟುಸಿರು ಬಿಡುವ ನಮ್ಮ ಹಿರಿಯರು ಈ ರೈತನನ್ನು ಒಮ್ಮೆಯಾದರೂ ನೆನೆಯಬೇಕು.

ಉಸ್ಮಾನಿಯಾ ವಿಶ್ವವಿದ್ಯಾನಿಲಯದ ವಿಷಯದಲ್ಲೂ ಇದೇ ಇಬ್ಬಗೆ. 1918ರಲ್ಲಿ ಸ್ಥಾಪನೆಯಾದ ಅದು ವೈದ್ಯ, ಇಂಜಿನಿಯರಿಂಗ್ ಸೇರಿದಂತೆ ಉನ್ನತ ಶಿಕ್ಷಣವನ್ನು ಭಾರತೀಯ ಭಾಷೆಯೊಂದರಲ್ಲಿ ಕೊಟ್ಟ ಮೊದಲ ಆಧುನಿಕ ವಿಶ್ವವಿದ್ಯಾನಿಲಯ. ಅದಕ್ಕಾಗಿ ದಾರುಲ್ ತರ್ಜುಮಾ ಎಂಬ ಅನುವಾದ ಸಂಸ್ಥೆಯನ್ನೇ ತೆರೆದರು. ಇಂಗ್ಲಿಷಿಲ್ಲದೆ ವಿಜ್ಞಾನ ಸಾಧ್ಯವಿಲ್ಲ ಎನ್ನುವವರಿಗೆ ಅದು ಕೊಟ್ಟ ಉತ್ತರ ದೊಡ್ಡದು. ಆದರೆ ಕೊಪ್ಪಳದ ಹಳ್ಳಿಯ ಹುಡುಗನಿಗೆ ಉರ್ದು ಇಂಗ್ಲಿಷಿನಷ್ಟೇ ಪರಭಾಷೆ. ಆ ಗೋಡೆ ಹತ್ತಿದವರೂ ಇದ್ದಾರೆ. ‘ಕಾವ್ಯಾನಂದ’ ಸಿದ್ದಯ್ಯ ಪುರಾಣಿಕರು ಉಸ್ಮಾನಿಯಾದಲ್ಲಿ ಓದಿ, ಹೈದರಾಬಾದ್ ಸಿವಿಲ್ ಸರ್ವಿಸ್ ಸೇರಿ, ಮುಂದೆ ಐ.ಎ.ಎಸ್. ಅಧಿಕಾರಿಯಾದರು, ಕನ್ನಡದ ಕವಿಯೂ ಆದರು. ರಾಯಚೂರಿನ ಶಾಂತರಸರು ಉರ್ದು ಗಝಲನ್ನು ಕನ್ನಡಕ್ಕೆ ತಂದು ಅದನ್ನು ಕನ್ನಡದ್ದೇ ಮಾಡಿದರು. ಹತ್ತಲಾರದೆ ಕೆಳಗೆ ಉಳಿದವರ ಹೆಸರುಗಳನ್ನು ಯಾರೂ ಬರೆದಿಟ್ಟಿಲ್ಲ.

ನಗೆ ಎಂಬುದು ಎಷ್ಟು ದೊಡ್ಡ ಇತಿಹಾಸವನ್ನು ಹುಟ್ಟಿಸಬಲ್ಲದು ಎಂಬುದಕ್ಕೆ 1921ರ ನವೆಂಬರಿನ ಘಟನೆ ಸಾಕ್ಷಿ. ಹೈದರಾಬಾದಿನ ವಿವೇಕವರ್ಧಿನಿ ರಂಗಮಂದಿರದಲ್ಲಿ ಮಹರ್ಷಿ ಕರ್ವೆಯವರ ಅಧ್ಯಕ್ಷತೆಯಲ್ಲಿ ಸಮಾಜ ಸುಧಾರಣಾ ಸಮ್ಮೇಳನ ನಡೆಯಿತು. ಇಂಗ್ಲಿಷ್, ಉರ್ದು, ಮರಾಠಿ ಭಾಷಣಗಳನ್ನು ಗಂಭೀರವಾಗಿ ಕೇಳಿದ ಸಭೆ, ಅಲ್ಲಂಪಲ್ಲಿ ವೆಂಕಟರಾಮರಾವ್ ಎಂಬ ವಕೀಲರು ತೆಲುಗಿನಲ್ಲಿ ಮಾತು ಆರಂಭಿಸಿದೊಡನೆ ಗೇಲಿ ಮಾಡಿ ಗದ್ದಲ ಎಬ್ಬಿಸಿತು. ಸುಧಾರಣೆಗೆಂದು ಸೇರಿದ ಸಭೆ ಅದು! ಮನನೊಂದ ಕೆಲವು ತೆಲುಗರು ಅಂದು ರಾತ್ರಿಯೇ ಸೇರಿ ಆಂಧ್ರ ಜನಸಂಘವನ್ನು ಕಟ್ಟಿದರು. ತೆಲಂಗಾಣದ ರಾಜಕೀಯ ಜಾಗೃತಿಯ ಮೊದಲ ಪುಟ ಅದೇ. ಕನ್ನಡಿಗರೂ ಹಿಂದೆ ಬೀಳಲಿಲ್ಲ. ಪಂಡಿತ ತಾರಾನಾಥರು 1920ರಲ್ಲಿ ರಾಯಚೂರಿನಲ್ಲಿ ಶಾಲೆ ತೆರೆದು ಅದಕ್ಕೆ ‘ಹಮ್‌ದರ್ದ್’ ಎಂದು ಹೆಸರಿಟ್ಟರು. 1928ರಲ್ಲಿ ಕಲಬುರಗಿಯಲ್ಲಿ ಬಿ.ಎಂ.ಶ್ರೀ. ಅಧ್ಯಕ್ಷತೆಯಲ್ಲಿ, 1934ರಲ್ಲಿ ರಾಯಚೂರಿನಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನಗಳು ನಡೆದವು. ಆ ದಶಕದಲ್ಲಿಯೇ ನಿಜಾಮ ಕರ್ನಾಟಕ ಪರಿಷತ್ತೂ ಸೇರಿತು.

1948ರ ಸೆಪ್ಟೆಂಬರಿನಲ್ಲಿ ಮೇಜು ಮತ್ತೆ ತಿರುಗಿತು. ರಜಾಕಾರರ ಹಾವಳಿ, ಪೊಲೀಸ್ ಕಾರ್ಯಾಚರಣೆ, ಅದರ ಬೆನ್ನಿಗೆ ಬಂದ ಸಾವುನೋವುಗಳ ಕಥೆ ಬೇರೆಯೇ ಲೇಖನವನ್ನು ಬೇಡುತ್ತದೆ. ಇಲ್ಲಿ ಕಚೇರಿಯ ಮಾತಷ್ಟೇ. ಕೆಲವೇ ವರ್ಷಗಳಲ್ಲಿ ಉರ್ದುವಿನ ಜಾಗಕ್ಕೆ ಇಂಗ್ಲಿಷ್ ಮತ್ತು ಪ್ರಾದೇಶಿಕ ಭಾಷೆಗಳು ಬಂದವು. ಉಸ್ಮಾನಿಯಾದ ಬೋಧನಾ ಮಾಧ್ಯಮವೂ ಇಂಗ್ಲಿಷಾಯಿತು. ಶಿಕಸ್ತಾ ಲಿಪಿಯಲ್ಲಿ ಕಣ್ಣುಮುಚ್ಚಿ ಬರೆಯಬಲ್ಲ ಗುಮಾಸ್ತ ನಲವತ್ತನೇ ವಯಸ್ಸಿನಲ್ಲಿ ಅನಕ್ಷರಸ್ಥನಾದ. ಕೆಲಸ ಹೋದವರಲ್ಲಿ ಮುಸ್ಲಿಮರು ಬಹಳ. ಉರ್ದುವಿನಲ್ಲೇ ಓದಿದ್ದ ಕಾಯಸ್ಥರು, ಬ್ರಾಹ್ಮಣರೂ ಕಂಗೆಟ್ಟರು. ಮೇಲಾಗಿ ಆಡಳಿತಕ್ಕೆ ಮದ್ರಾಸಿನ ಕಡೆಯ ಅಧಿಕಾರಿಗಳು ಬಂದರು. ತೆಲಂಗಾಣದವರ ಉರ್ದು ಬೆರೆತ ತೆಲುಗನ್ನು ಕರಾವಳಿಯವರು ಹೀಗಳೆಯತೊಡಗಿದರು. 1952ರಲ್ಲಿ ಹೈದರಾಬಾದಿನ ಬೀದಿಗಳಲ್ಲಿ ‘ಗೈರ್‌ಮುಲ್ಕಿ ಗೋ ಬ್ಯಾಕ್’ ಎಂಬ ಕೂಗು ಎದ್ದಿತು, ಗೋಲಿಬಾರ್ ಆಯಿತು. ಕೂಗಿದವರಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ಅವರ ತೆಲುಗು ಒಂದೇ ಬಗೆಯದ್ದಾಗಿತ್ತು.

1956ರ ನವೆಂಬರ್ 1ರಂದು ಬೀದರ್, ಕಲಬುರಗಿ, ರಾಯಚೂರು ಕನ್ನಡ ನಾಡನ್ನು ಸೇರಿದವು. ಮೈಸೂರಿನ ಅಮಲ್ದಾರ, ಮುಂಬೈ ಪ್ರಾಂತದ ಮಾಮಲೇದಾರ, ಹೈದರಾಬಾದಿನ ತಹಸೀಲ್ದಾರ, ಒಂದೇ ಹುದ್ದೆಗೆ ಮೂರು ಹೆಸರು. ಗೆದ್ದದ್ದು ತಹಸೀಲ್ದಾರ ಎಂಬ ಹೆಸರು. ಆದರೆ ಗೆದ್ದ ಕನ್ನಡ ಹೈದರಾಬಾದ್ ಸೀಮೆಯದ್ದಲ್ಲ. ‘ಹೋಗ್ಲಾಕತ್ತೀನಿ’ ಎನ್ನುವ ಕಲಬುರಗಿಯವನು ಬೆಂಗಳೂರಿನ ಸಚಿವಾಲಯಕ್ಕೆ ಹೋಗಿ ಬಾಯಿ ತೆರೆದರೆ, ‘ಇದೇನ್ರೀ ನಿಮ್ಮ ಕನ್ನಡ’ ಎನ್ನುವ ಪ್ರಶ್ನೆ. ಫಾರ್ಸಿಯ ಮುಂದೆ, ಉರ್ದುವಿನ ಮುಂದೆ ತಲೆ ತಗ್ಗಿಸಿದ್ದ ಕನ್ನಡಿಗ ಕೊನೆಗೆ ಕನ್ನಡದ ಮುಂದೆಯೂ ತಲೆ ತಗ್ಗಿಸಬೇಕಾಗಿ ಬಂದದ್ದನ್ನು ಏನೆನ್ನೋಣ?

ಮುಸ್ಲಿಮನ ಪಾಡು ಇನ್ನೊಂದು ಸುತ್ತು ಹೆಚ್ಚು. ಸಿನೆಮಾದಲ್ಲಿ ಆತ ಕನ್ನಡ ಮಾತನಾಡುವುದೇ ‘ನಮ್ದುಕೆ, ನಿಮ್ದುಕೆ’ ಎಂದು. ದಖ್ಖನಿಯ ವ್ಯಾಕರಣವನ್ನು ಕನ್ನಡದ ಮೇಲೆ ಹೊದಿಸಿದಾಗ ಇಂತಹ ರೂಪಗಳು ಬರುವುದುಂಟು, ಸುಳ್ಳಲ್ಲ. ಆದರೆ ಮಂಗಳೂರಿನ ಬ್ಯಾರಿಯಾಗಲಿ, ಹಾವೇರಿಯ ಹಳ್ಳಿಯಲ್ಲಿ ಪಿಂಜಾರರ ಮನೆಯಲ್ಲಿ ಹುಟ್ಟಿದವನಾಗಲಿ ಹಾಗೆ ಮಾತನಾಡುವುದಿಲ್ಲ. ಸಂದರ್ಶನಕ್ಕೆ ಹೋದರೆ ಆ ಸಿನೆಮಾ ಮಾತು ನಮಗಿಂತ ಮೊದಲೇ ಹೋಗಿ ಕುರ್ಚಿಯಲ್ಲಿ ಕುಳಿತಿರುತ್ತದೆ. ಉರ್ದು ಶಾಲೆಯಿಂದ ಕನ್ನಡ ಶಾಲೆಗೆ ಬಂದ ನನ್ನಂತಹವರಿಗೆ ‘ನಿಮ್ಮ ಕನ್ನಡ ಎಷ್ಟು ಚೆನ್ನಾಗಿದೆ’ ಎಂಬ ಹೊಗಳಿಕೆ ಅಭ್ಯಾಸವಾಗಿ ಹೋಗಿದೆ. ಹೇಳುವವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಪಕ್ಕದಲ್ಲಿ ಕುಳಿತ ಗೌಡರಿಗೋ ಭಟ್ಟರಿಗೋ ಅದನ್ನು ಯಾರೂ ಹೇಳುವುದಿಲ್ಲ ಎಂಬುದಷ್ಟೇ ವ್ಯತ್ಯಾಸ.

ಕಿವಿ ಹೀಗೇಕೆ ಮಾಡುತ್ತದೆ? ಶಿಕಾಗೊ ವಿಶ್ವವಿದ್ಯಾನಿಲಯದ ಇಬ್ಬರು ಸಂಶೋಧಕರು, ಲೆವ್-ಆರಿ ಮತ್ತು ಕೈಸರ್, 2010ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಂಟೆಗಿಂತ ಜಿರಾಫೆ ಹೆಚ್ಚು ದಿನ ನೀರಿಲ್ಲದೆ ಇರಬಲ್ಲದು ಎಂಬಂತಹ ವಾಕ್ಯಗಳನ್ನು ಬೇರೆ ಬೇರೆ ಉಚ್ಚಾರದವರಿಂದ ಓದಿಸಿ, ಇದು ನಿಜವೋ ಸುಳ್ಳೋ ಎಂದು ಕೇಳುಗರನ್ನು ಕೇಳಿದರು. ಪರಕೀಯ ಉಚ್ಚಾರದಲ್ಲಿ ಓದಿದ ವಾಕ್ಯಗಳನ್ನು ಜನ ಕಡಿಮೆ ನಂಬಿದರು. ಬರೆದುಕೊಟ್ಟದ್ದನ್ನು ಓದುತ್ತಿದ್ದಾರಷ್ಟೆ ಎಂದು ತಿಳಿಸಿದ್ದರೂ ಹಾಗೆಯೇ. ಅರ್ಥಮಾಡಿಕೊಳ್ಳಲು ತಮಗಾದ ತುಸು ತೊಡಕನ್ನು ಕೇಳುಗರು ಹೇಳಿದವರ ಮಾತಿನ ದೋಷವೆಂದು ಎಣಿಸಿದ್ದರು. ಹೀಗಾಗುತ್ತದೆ ಎಂದು ಮೊದಲೇ ಎಚ್ಚರಿಸಿದಾಗ ಅಲ್ಪ ವ್ಯತ್ಯಾಸದ ಉಚ್ಚಾರದ ವಿಷಯದಲ್ಲಿ ಕೇಳುಗರು ತಿದ್ದಿಕೊಂಡರು, ಗಾಢ ಉಚ್ಚಾರದ ವಿಷಯದಲ್ಲಿ ಆಗಲಿಲ್ಲ. ಅಂದರೆ ಬುದ್ಧಿಮಾತಿನಿಂದ ಅರ್ಧ ದಾರಿ ಸಾಗಬಹುದು. ಉಳಿದರ್ಧಕ್ಕೆ ನಿಯಮ ಬೇಕು.

ನಮ್ಮ ಪರಂಪರೆಯಲ್ಲಿ ಈ ವಿಷಯ ಹೊಸದಲ್ಲ. ಬಸ್ರಾದ ಅಲ್ ಜಾಹಿಝ್ 9ನೇ ಶತಮಾನದಲ್ಲಿಯೇ ಉಚ್ಚಾರಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ವಯಸ್ಸಾದ ಮೇಲೆ ತರಲ್ಪಟ್ಟ ಸಿಂಧಿ, ಅರಬರ ನಡುವೆ ಐವತ್ತು ವರ್ಷ ಬದುಕಿದರೂ ‘ಜೀಮ್’ ಅಕ್ಷರವನ್ನು ‘ಝಾ’ ಎಂದೇ ನುಡಿಯುತ್ತಾನೆ ಎಂದು ಅವರು ಗಮನಿಸುತ್ತಾರೆ. ಮುಅ್ತಝಿಲಿ ಪಂಥದ ವಾಸಿಲ್ ಬಿನ್ ಅತಾರಿಗೆ ‘ರ’ಕಾರ ಹೊರಡುತ್ತಿರಲಿಲ್ಲ. ‘ರ’ ಇಲ್ಲದ ಪದಗಳನ್ನೇ ಆರಿಸಿ ಅವರು ಭಾಷಣ ಮಾಡುತ್ತಿದ್ದರಂತೆ. ಜನ ಅದನ್ನು ಪ್ರತಿಭೆ ಎಂದು ಮೆಚ್ಚಿಕೊಂಡಿದ್ದಾರೆ. ನನಗೆ ಅದರಲ್ಲಿ ಒಬ್ಬ ಮನುಷ್ಯ ಜೀವನವಿಡೀ ಪಟ್ಟ ಭಯವೂ ಕಾಣುತ್ತದೆ. ಹ. ಬಿಲಾಲ್(ರ) ಅವರಿಗೆ ‘ಶೀನ್’ ನುಡಿಯಲು ಬರುತ್ತಿರಲಿಲ್ಲ, ಆದರೂ ಅಲ್ಲಾಹನಿಗೆ ಅದು ಒಪ್ಪಿಗೆಯಾಗಿತ್ತು ಎಂಬ ಕಥೆಯನ್ನು ನಮ್ಮ ವಾಝ್‌ಗಳಲ್ಲಿ ಕಣ್ಣೀರು ಹಾಕಿಸುವಂತೆ ಹೇಳುತ್ತಾರೆ. ಹದೀಸ್ ವಿದ್ವಾಂಸರು ಇದಕ್ಕೆ ಆಧಾರವಿಲ್ಲ ಎಂದಿದ್ದಾರೆ. ಅಝಾನಿಗೆ ಬಿಲಾಲರನ್ನು ಆರಿಸಿದ್ದು ಅವರ ಕಂಠ ಚೆನ್ನಾಗಿದ್ದುದರಿಂದ. ಕರಿಯ ಬಣ್ಣದ ಹಬ್ಶಿಯ ಉಚ್ಚಾರ ಕೆಟ್ಟದ್ದೇ ಇದ್ದಿರಬೇಕು ಎಂದು ಊಹಿಸಿ, ಆಮೇಲೆ ಅದನ್ನು ಕ್ಷಮಿಸುವ ಔದಾರ್ಯವನ್ನೂ ನಾವೇ ತೋರಿಸಿಕೊಂಡೆವು. ಪವಿತ್ರ ಕುರ್‌ಆನಿನಲ್ಲಿ ಬೇರೆಯದೇ ಚಿತ್ರವಿದೆ. ನಾಲಗೆಯ ಗಂಟನ್ನು ಸಡಿಲಿಸು ಎಂದು ಬೇಡಿಕೊಳ್ಳುವವರು ಪ್ರವಾದಿ ಮೂಸಾ(ಅ). ಅವರ ಮಾತು ಸ್ಪಷ್ಟವಿಲ್ಲ ಎಂದು ಸಭೆಯಲ್ಲಿ ಹಂಗಿಸುವವನು ಫಿರ್‌ಔನ್.

ನಿಯಮದ ಮಾತಿಗೆ ಬರೋಣ. ರಾಜ್ಯಗಳ ಪುನರ್ವಿಂಗಡಣೆಯ ವರ್ಷ, 1956ರಲ್ಲಿ, ಕೇಂದ್ರ ಸರಕಾರ ಭಾಷಾ ಅಲ್ಪಸಂಖ್ಯಾತರ ರಕ್ಷಣೆಗೆ ಒಂದು ಜ್ಞಾಪನಪತ್ರ ತಯಾರಿಸಿತು. 1961ರಲ್ಲಿ ಮುಖ್ಯಮಂತ್ರಿಗಳ ಸಮ್ಮೇಳನ ಅದನ್ನು ಇನ್ನಷ್ಟು ಸ್ಪಷ್ಟಗೊಳಿಸಿತು. ಅದರ ಒಂದು ಅಂಶ ನನಗೆ ಬಹಳ ಮುಖ್ಯವೆನಿಸುತ್ತದೆ. ರಾಜ್ಯದ ನೌಕರಿಗೆ ಆಯ್ಕೆ ಮಾಡುವಾಗಲೇ ರಾಜ್ಯಭಾಷೆಯ ಜ್ಞಾನವನ್ನು ಷರತ್ತಾಗಿ ಇಡಬಾರದು. ಮೊದಲು ಆಯ್ಕೆ ಮಾಡಿ, ಪರೀಕ್ಷಾರ್ಥ ಅವಧಿ ಮುಗಿಯುವುದರೊಳಗೆ ಭಾಷೆಯ ಪರೀಕ್ಷೆ ನಡೆಸಬೇಕು. ಇದರಲ್ಲಿ ಭಾಷೆಗೆ ವಿನಾಯಿತಿ ಇಲ್ಲ. ಕಲಿಯಲೇಬೇಕು, ಏಕೆಂದರೆ ಆ ಸುರಪುರದ ರೈತ ಇಂದಿಗೂ ಅರ್ಜಿ ಹಿಡಿದು ನಿಂತಿದ್ದಾನೆ. ಆದರೆ ಕಲಿಯಲು ಸಮಯ ಸಿಗುತ್ತದೆ, ಹುಟ್ಟಿದ ಮನೆಯಿಂದಾಗಿ ಬಾಗಿಲಲ್ಲೇ ಯಾರೂ ತಡೆಯುವುದಿಲ್ಲ. ಭಾಷೆ ಬರುತ್ತದೆಯೇ ಎಂಬುದು ಪರೀಕ್ಷೆಯ ವಿಷಯ. ‘ಳ’ವನ್ನು ‘ಲ’ ಎಂದನೇ ಎಂಬುದು ಅಲ್ಲ. ಈ ಎರಡನ್ನೂ ಬೇರೆ ಮಾಡಿ ನೋಡುವ ಸಂದರ್ಶಕರು ನಮ್ಮಲ್ಲಿ ಎಷ್ಟಿದ್ದಾರೆ? ಸಂದರ್ಶನಕ್ಕಿಂತ ಮೊದಲೇ ಬರೆಹದ ಕೆಲಸವೊಂದನ್ನು ಮಾಡಿಸಿ, ಹೆಸರಿಲ್ಲದೆ ಅಂಕ ಕೊಟ್ಟರೆ ಬಹಳಷ್ಟು ಕಿವಿಗಳಿಗೆ ಕೆಲಸವೇ ಇರುವುದಿಲ್ಲ.

ಶರತ್ತಿನ ಮೇಲೆ ಒಳಬಿಟ್ಟರೆ ಏನಾಗಬಹುದು ಎಂಬುದಕ್ಕೆ ಬಾನು ಮುಷ್ತಾಕ್ ಅವರ ಬಾಲ್ಯವೇ ಇದೆ. ಶಿವಮೊಗ್ಗದ ಕನ್ನಡ ಶಾಲೆಯೊಂದು ಆರು ತಿಂಗಳಲ್ಲಿ ಕನ್ನಡ ಕಲಿಯಬೇಕೆಂಬ ಷರತ್ತಿನ ಮೇಲೆ ಎಂಟು ವರ್ಷದ ಆ ಹುಡುಗಿಯನ್ನು ಸೇರಿಸಿಕೊಂಡಿತು. ಆಕೆಗೆ ಕೆಲವೇ ದಿನಗಳು ಸಾಕಾದವು. 2025ರಲ್ಲಿ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ, ಅನುವಾದಕಿ ದೀಪಾ ಭಾಸ್ತಿ ತಾನು ಉಚ್ಚಾರದ ಸೊಗಡನ್ನು ಉಳಿಸಿಕೊಂಡೇ ಅನುವಾದಿಸಿದ್ದಾಗಿ ಹೇಳಿದರು. ಅದೇ ವರ್ಷ ಟೆಲಿಪರ್ಫಾರ್ಮೆನ್ಸ್ ಎಂಬ ಫ್ರೆಂಚ್ ಕಂಪನಿ ಭಾರತದ ತನ್ನ ಕಾಲ್ ಸೆಂಟರುಗಳಲ್ಲಿ, ನೌಕರ ಮಾತನಾಡುತ್ತಿರುವಾಗಲೇ ಆತನ ಉಚ್ಚಾರವನ್ನು ಬದಲಿಸಿ ಗ್ರಾಹಕನಿಗೆ ಕೇಳಿಸುವ ತಂತ್ರಾಂಶವನ್ನು ಬಳಸತೊಡಗಿತು. ಇಪ್ಪತ್ತು ವರ್ಷಗಳ ಹಿಂದೆ ಬೆಂಗಳೂರಿನ ಹುಡುಗ ಹುಡುಗಿಯರಿಗೆ ‘ಮಾತೃಭಾಷೆಯ ಪ್ರಭಾವ’ ಎಂಬ ಕಾಯಿಲೆಗೆ ತರಬೇತಿ ಕೊಡುತ್ತಿದ್ದರು. ಈಗ ಆ ಕಷ್ಟವೂ ಇಲ್ಲ, ಯಂತ್ರವೇ ನಾಲಗೆಯನ್ನು ಬದಲಿಸಿಕೊಡುತ್ತದೆ.

ಮುಲ್ಕಿ ನಿಯಮದ ಜೀವವೂ ಹೋಗಿಲ್ಲ. 2012ರಲ್ಲಿ ಸಂಸತ್ತು ಒಪ್ಪಿದ ಸಂವಿಧಾನದ 371(ಜೆ) ಪರಿಚ್ಛೇದ, 2019ರಿಂದ ಕಲ್ಯಾಣ ಕರ್ನಾಟಕ ಎನಿಸಿಕೊಂಡ ನಮ್ಮ ಸೀಮೆಯವರಿಗೆ ನೌಕರಿಯಲ್ಲಿ ಮೀಸಲಾತಿ ಕೊಟ್ಟಿದೆ. ಇನ್ನು 350ನೇ ಪರಿಚ್ಛೇದದ ಪ್ರಕಾರ, ತನ್ನ ಕುಂದುಕೊರತೆಯ ಅರ್ಜಿಯನ್ನು ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕು ಪ್ರತಿಯೊಬ್ಬನಿಗೂ ಇದೆ. ಅರ್ಜಿನವೀಸನಿಗೆ ದುಡ್ಡು ಕೊಟ್ಟ ರೈತನಿಗೆ ಈ ಹಕ್ಕು ಇರಲಿಲ್ಲ.

ಬೀದರ್, ಕಲಬುರಗಿಗಳ ದಾಖಲೆ ಕೋಣೆಗಳಲ್ಲಿ ಆ ರೈತರ ಹೊಲಗಳ ಹಳೆಯ ಕಾಗದಗಳು ಉರ್ದುವಿನಲ್ಲಿಯೇ ಇವೆ. ಮೊಮ್ಮಕ್ಕಳ ನಡುವೆ ವ್ಯಾಜ್ಯ ಬಂದಾಗ ಅವನ್ನು ಓದಬಲ್ಲವರನ್ನು ಹುಡುಕಬೇಕಾಗುತ್ತದೆ. ಅಂತಹವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಇದ್ದವರನ್ನು ವಕೀಲರು ಮನೆಗೆ ಹೋಗಿ ಕರೆತಂದು, ಕುರ್ಚಿ ಹಾಕಿ ಕೂರಿಸಿ, ಅವರು ತಮ್ಮ ಕನ್ನಡದಲ್ಲಿ ನಿಧಾನವಾಗಿ ಹೇಳುತ್ತಾ ಹೋದಂತೆ ಅಕ್ಷರ ಬಿಡದೆ ಬರೆದುಕೊಳ್ಳುತ್ತಾರೆ.